ಓದಿ ನೋಡಿ ಸಹಿ ಮಾಡಿದ್ದೇನೆ

ಪ್ರೂಫ್ ನೋಡುವವನು ಓದುವುದಿಲ್ಲ. ಹೀಗೆಂದರೆ ಜನ ನಗುತ್ತಾರೆ. ಆದರೆ ಶಿರಸಿಯ ಒಂದು ಛಾಪಖಾನೆಯಲ್ಲಿ ಹನ್ನೆರಡು ವರ್ಷ ಅದೇ ಕೆಲಸ ಮಾಡಿದವನು ನಾನು, ನನ್ನ ಮಾತು ನಂಬಬೇಕು. ಅರ್ಥದ ಬೆನ್ನು ಹತ್ತಿ ಹೋದವನ ಕಣ್ಣಿಗೆ ತಪ್ಪು ಬೀಳುವುದಿಲ್ಲ. ಕಥೆ ಚೆನ್ನಾಗಿದ್ದಷ್ಟೂ ಒತ್ತಕ್ಷರ ಹಾರಿಹೋದದ್ದು ಗೊತ್ತಾಗುವುದಿಲ್ಲ. ಆದ್ದರಿಂದ ನಾವು ಕಥೆಯನ್ನು ಬಾಗಿಲಾಚೆ ನಿಲ್ಲಿಸಿ ಅಕ್ಷರವನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತಿದ್ದೆವು. ವಾಚನಾಲಯದಲ್ಲಿ ಕೂತು ಕಾದಂಬರಿ ಓದಿ ನಿಟ್ಟುಸಿರು ಬಿಡುವವರನ್ನು ಕಂಡರೆ ಆಗ ನನಗೆ ಸಣ್ಣ ತಿರಸ್ಕಾರವಿತ್ತು. ಅದನ್ನು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ನಮ್ಮ ಪದ್ಧತಿ ಹೀಗಿತ್ತು. ಒಬ್ಬ ಹಸ್ತಪ್ರತಿ ಹಿಡಿದು ಗಟ್ಟಿಯಾಗಿ ಓದಬೇಕು. ಇನ್ನೊಬ್ಬ ಅಚ್ಚಾದ ಹಾಳೆಯ ಮೇಲೆ ಕಣ್ಣಿಟ್ಟು, ಕೈಯಲ್ಲಿ ಕೆಂಪು ಪೆನ್ನು ಹಿಡಿದು ಕೇಳಬೇಕು. ಓದುವವನು ರಾಗ ಎಳೆಯಬಾರದು, ಭಾವ ತುಂಬಬಾರದು. ಕಾಮಾ ಬಂದಲ್ಲಿ 'ಕಾಮಾ' ಎನ್ನಬೇಕು, ವಾಕ್ಯ ಮುಗಿದಲ್ಲಿ 'ಫುಲ್‌ಸ್ಟಾಪ್' ಎನ್ನಬೇಕು. ಕಿವಿಗೆ ಬಿದ್ದದ್ದೂ ಕಣ್ಣಿಗೆ ಬಿದ್ದದ್ದೂ ಬೇರೆಯಾದ ಕಡೆ ಕೈ ತಾನಾಗಿ ಗುರುತು ಹಾಕುತ್ತದೆ. ಎಷ್ಟೋ ಸಲ ಹಾಳೆ ಮುಗಿದ ಮೇಲೆ ನನ್ನದೇ ಗುರುತುಗಳನ್ನು ನೋಡಿ, ಇದನ್ನು ಯಾವಾಗ ಹಾಕಿದೆ ಎಂದು ನಾನೇ ಆಶ್ಚರ್ಯಪಟ್ಟದ್ದುಂಟು.

ನನಗೆ ಓದಿ ಹೇಳುತ್ತಿದ್ದವನು ಅಚ್ಚಿನ ಮೊಳೆ ಜೋಡಿಸುವ ಕೆಲಸದವನು, ಬನವಾಸಿ ಕಡೆಯವನು, ನನಗಿಂತ ಎರಡು ವರ್ಷಕ್ಕೆ ದೊಡ್ಡವನು. ಮದುವೆಯಾಗಿರಲಿಲ್ಲ. ಸೀಸದ ಮೊಳೆಗಳನ್ನು ನೋಡದೆಯೇ ಹೆಕ್ಕುವಷ್ಟು ಅವನ ಬೆರಳುಗಳು ಪಳಗಿದ್ದವು. ಮಧ್ಯಾಹ್ನ ಇಬ್ಬರೂ ಒಂದೇ ಡಬ್ಬಿಯಿಂದ ಊಟ ಮಾಡುತ್ತಿದ್ದೆವು, ಅಷ್ಟು ಸಲಿಗೆ. ಅವನ ಬಳಿ ಒಂದು ಹಳೆಯ ಬೈಕಿತ್ತು. ಅವನ ಹತ್ತಿರ ಲೈಸೆನ್ಸೂ ಇತ್ತು. ನನ್ನ ಹತ್ತಿರ ಎರಡೂ ಇರಲಿಲ್ಲ.

ತೊಂಬತ್ತೇಳರ ಬೇಸಿಗೆಯಲ್ಲಿ ಸಿದ್ದಾಪುರದ ನಿವೃತ್ತ ಮಾಸ್ತರರೊಬ್ಬರ ಅಭಿನಂದನ ಗ್ರಂಥ ನಮ್ಮಲ್ಲಿ ಅಚ್ಚಾಗುತ್ತಿತ್ತು. ಅವರಿಗೆ ಹಾಳೆ ತೋರಿಸಿ ಬರಲು ಇಬ್ಬರೂ ಬೈಕಿನಲ್ಲಿ ಹೋಗಿದ್ದೆವು. ಬರುವಾಗ ನಾನು ಓಡಿಸುತ್ತೇನೆ ಎಂದೆ. ಮೈದಾನದಲ್ಲಿ ನಾಲ್ಕಾರು ಸುತ್ತು ಹೊಡೆದು ಕಲಿತ ವಿದ್ಯೆ ನನ್ನದು. ಅವನು ಬೇಡ ಎಂದ, ನಾನು ಹಟ ಮಾಡಿದೆ, ಅವನು ಹಿಂದೆ ಕೂತ. ಕಾನಸೂರು ದಾಟಿ ಒಂದು ತಿರುವಿನಲ್ಲಿ ತಲೆಯ ಮೇಲೆ ದರಕಿನ ಹೊರೆ ಹೊತ್ತ ಮುದುಕರೊಬ್ಬರು ರಸ್ತೆ ದಾಟುತ್ತಿದ್ದರು. ಒಣ ಎಲೆಯ ಹೊರೆ ಕಣ್ಣಿನ ಮಟ್ಟಕ್ಕೆ ಇಳಿದಿತ್ತು, ಅವರಿಗೆ ನಾವು ಕಾಣಲಿಲ್ಲ. ನನಗೆ ಅವರು ಕಂಡರು. ಬ್ರೇಕು ಎಂದು ನಾನು ಒತ್ತಿದ್ದು ಬ್ರೇಕಾಗಿರಲಿಲ್ಲ.

ಅವರು ಎರಡು ದಿನ ಬದುಕಿದ್ದು ತೀರಿಕೊಂಡರು. ಗೆಳೆಯನ ಬಲಗೈ ಮುರಿಯಿತು. ನನ್ನ ತಲೆ ಮೈಲುಗಲ್ಲಿಗೆ ಬಡಿಯಿತು. ಗಾಡಿ ಓಡಿಸುತ್ತಿದ್ದವನು ನಾನು. ಈ ಸಂಗತಿ ನನಗೆ ಒಂದು ದಿನವೂ ಮರೆತಿರಲಿಲ್ಲ, ತಲೆಗೆ ಪೆಟ್ಟು ಬಿದ್ದಾಗಲೂ. ಮುಂದಿನದನ್ನು ಓದುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ನನ್ನನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಸಾಗಿಸಿದರು. ಮೂರನೇ ದಿನ ಎಚ್ಚರವಾಯಿತು, ಐದನೇ ದಿನ ಮಾತಾಡಿದೆ. ಹೆಂಡತಿಯ ಗುರುತು ಹಿಡಿದೆ, ಮೂರು ವರ್ಷದ ಮಗಳನ್ನು ಕರೆದುಕೊಂಡು ಬಾ ಎಂದೆ, ಗಂಜಿಗೆ ಉಪ್ಪು ಸಾಲದು ಎಂದು ಸಿಡುಕಿದೆ. ನೋಡಲು ಬಂದವರೆಲ್ಲ ದೇವರು ದೊಡ್ಡವನು, ಏನೂ ಆಗಿಲ್ಲ ಎಂದರು. ಏನೂ ಆಗಿಲ್ಲವೆಂದು ನಾನೂ ನಂಬಿದೆ.

ಒಂಬತ್ತನೇ ದಿನ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಫಿರ್ಯಾದಿ ಬರೆದುಕೊಳ್ಳಲು ಬಂದರು. ಹಾವೇರಿ ಕಡೆಯವರು, ಒಳ್ಳೆಯ ಮನುಷ್ಯ. ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತರು.

"ಗಾಡಿ ಯಾರ್ದ್ರೀ?"

"ಅವನದು."

"ಲೈಸೆನ್ಸು?"

"ಅವನಿಗಿದೆ. ನನಗಿಲ್ಲ."

ಮುಂದೆ ಏನು ಕೇಳಿದರೋ ನಾನೇನು ಹೇಳಿದೆನೋ ಸರಿಯಾಗಿ ನೆನಪಿಲ್ಲ, ಆಗಲೇ ತಲೆ ಸಿಡಿಯಲು ಶುರುವಾಗಿತ್ತು. ಅವರು ಬರೆಯುತ್ತಾ ಹೋದರು. ಗಾಡಿ ಯಾರದೋ, ಲೈಸೆನ್ಸು ಯಾರದೋ, ಓಡಿಸಿದವನೂ ಅವನೇ ಎಂದುಕೊಂಡಿರಬೇಕು. ಬರೆದು ಮುಗಿಸಿ ಹಾಳೆಯನ್ನು ನನ್ನ ಕೈಗೆ ಕೊಟ್ಟರು. "ನೀವು ಪ್ರೂಫ್ ನೋಡೋರಂತಲ್ಲ, ಓದಿ ನೋಡ್ರಿ. ನಮ್ಮ ಕನ್ನಡದಾಗ ತಪ್ಪಿದ್ರ ತಿದ್ರಿ" ಎಂದು ನಕ್ಕರು.

ನಾನು ಓದಿದೆ. ಮೊದಲಿನಿಂದ ಕೊನೆಯವರೆಗೆ, ಒಂದು ಸಾಲೂ ಬಿಡದೆ. ಎರಡು ತಪ್ಪು ಸಿಕ್ಕವು. 'ಗಾಯಾಳು' ಎನ್ನುವುದಕ್ಕೆ ದೀರ್ಘ ಇರಲಿಲ್ಲ. 'ಚಲಾಯಿಸುತ್ತಿದ್ದು' ಎನ್ನುವುದಕ್ಕೆ ಒತ್ತು ಇರಲಿಲ್ಲ. ಎರಡನ್ನೂ ತಿದ್ದಿ, ಪಕ್ಕದಲ್ಲಿ ಸಣ್ಣ ಸಹಿ ಹಾಕಿ, ಕೆಳಗೆ ದೊಡ್ಡ ಸಹಿ ಹಾಕಿದೆ. ಓದಿ ನೋಡಿ ಸಹಿ ಮಾಡಿದ್ದೇನೆ ಎಂದು ಅವರೇ ಬರೆದುಕೊಂಡಿದ್ದರು. ಪೆಟ್ಟು ತಿಂದ ಮೇಲೂ ಕಸಬು ಕೈಬಿಟ್ಟಿಲ್ಲ ಎಂದು ಒಳಗೊಳಗೇ ಹೆಮ್ಮೆಯಾಯಿತು.

ಆ ಹಾಳೆಯಲ್ಲಿ ಗೆಳೆಯನ ಹೆಸರು ಮೇಲೆ ಒಂದು ಸಲ ಇತ್ತು. ಅಲ್ಲಿಂದ ಕೆಳಗೆ ಎಲ್ಲ ಕಡೆ 'ಅವನು'. ಅವನು ವಾಹನವನ್ನು ನಿರ್ಲಕ್ಷ್ಯದಿಂದ ಚಲಾಯಿಸುತ್ತಿದ್ದು, ನಾನು ಅವನ ಹಿಂದೆ ಕುಳಿತಿದ್ದು. ಒತ್ತಕ್ಷರ ತಿದ್ದಿದೆ, ಯಾರು ಚಲಾಯಿಸುತ್ತಿದ್ದರು ಎನ್ನುವುದು ನನ್ನೊಳಗೆ ಇಳಿಯಲೇ ಇಲ್ಲ. ಅದು ನನಗೆ ತಿಳಿದದ್ದು ಹದಿನಾಲ್ಕು ತಿಂಗಳ ನಂತರ.

ನನಗೇನೋ ಆಗಿದೆ ಎಂದು ಗೊತ್ತಾದದ್ದು ಮನೆಗೆ ಬಂದ ಮೇಲೆ. ಮಗಳ ಚಿತ್ರದ ಪುಸ್ತಕ ಓದಿ ಹೇಳುತ್ತಿದ್ದೆ. ಅದರಲ್ಲಿ ಅಜ್ಜಿ ಮೊಮ್ಮಗನನ್ನು ಕರೆದುಕೊಂಡು ಪೇಟೆಗೆ ಹೋದಳು. ಅವನು ಬಲೂನು ಕೇಳಿದ. ಅವಳು ಬೈದಳು. ಓದುತ್ತಿದ್ದವನು ನಿಂತೆ. ಅಜ್ಜಿ ಗೊತ್ತು, ಮೊಮ್ಮಗ ಗೊತ್ತು, ಬಲೂನೂ ಗೊತ್ತು. 'ಅವನು' ಎಂದರೆ ಯಾರು? ಹಿಂದಿನ ಸಾಲಿಗೆ ಹೋಗಿ, ಗಂಡು ಯಾರಿದ್ದಾರೆ ಎಂದು ಹುಡುಕಿ, ಮೊಮ್ಮಗನನ್ನು ಹಿಡಿದುಕೊಂಡು ಮುಂದಿನ ಸಾಲಿಗೆ ಬರುವಷ್ಟರಲ್ಲಿ ಅವನು ಏನು ಕೇಳಿದ ಎನ್ನುವುದು ಹೋಗಿತ್ತು. ಮೂರು ವರ್ಷದ ಮಗು ನನ್ನ ಮುಖ ನೋಡಿ, "ಮುಂದೆ ಓದು ಅಪ್ಪ" ಎಂದಿತು. ನಾನು ಪುಸ್ತಕ ಮುಚ್ಚಿಟ್ಟೆ.

ಅದೇ ಆಸ್ಪತ್ರೆಯಲ್ಲಿ ಮಾತು ಕಲಿಸುವ ಹೆಂಗಸೊಬ್ಬರಿದ್ದರು. ತೋರಿಸಿಕೊಳ್ಳಲು ಹೋದಾಗ ಅವರು ಕಾಗದದ ಚೀಟಿಗಳಲ್ಲಿ ವಾಕ್ಯ ಬರೆದು ನನ್ನನ್ನು ಪರೀಕ್ಷಿಸಿದರು. ಆಮೇಲೆ ತಾಳ್ಮೆಯಿಂದ ಬಿಡಿಸಿ ಹೇಳಿದರು. ಓದುವಾಗ ಕಣ್ಣು ಇಂಥ ಸಣ್ಣ ಪದಗಳ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಎಷ್ಟೋ ಸಲ ಹಾರಿಯೇ ಹೋಗುತ್ತದೆ. ಕೆಲಸವೆಲ್ಲ ಒಳಗೆ. 'ಅವನು' ಎಂದ ಕೂಡಲೇ ಮೆದುಳು ಹಿಂದಕ್ಕೆ ಹೋಗಿ, ಈಗಷ್ಟೇ ಬಂದುಹೋದವರಲ್ಲಿ ಗಂಡು ಯಾರು, ಯಾರ ಸುದ್ದಿ ನಡೆದಿತ್ತು, ಯಾರಾದರೆ ಹೊಂದುತ್ತದೆ ಎಂದು ನೋಡಿ, ಆ ಮನುಷ್ಯನನ್ನು ಮತ್ತೆ ಎದುರಿಗೆ ತಂದು ನಿಲ್ಲಿಸುತ್ತದೆ. ಕಣ್ಣು ಅಷ್ಟರಲ್ಲಿ ಮುಂದಿನ ಪದಕ್ಕೆ ಹೋಗಿರುತ್ತದೆ. ಓದುವವನಿಗೆ ಇಷ್ಟೆಲ್ಲ ನಡೆದದ್ದರ ಸುಳಿವೇ ಇರುವುದಿಲ್ಲ. "ನಿಮಗೆ ಆ ಕರೆದು ತರುವುದೊಂದೇ ಆಗುತ್ತಿಲ್ಲ" ಎಂದರು. "ಇನ್ನೊಂದು ತೊಂದರೆ ಏನೆಂದರೆ, ಆಗಲಿಲ್ಲ ಎನ್ನುವುದೂ ಸುಮಾರು ಸಲ ನಿಮಗೆ ತಿಳಿಯುವುದಿಲ್ಲ. ಓದಿದ ಹಾಗೇ ಅನ್ನಿಸುತ್ತದೆ."

ಮಾತಿನಲ್ಲಿ ಇಷ್ಟು ತೊಂದರೆ ಇರಲಿಲ್ಲ. ಎದುರಿಗೆ ಮುಖವಿರುತ್ತದೆ, ಕೈಸನ್ನೆ ಇರುತ್ತದೆ. ಅದೂ ಅಲ್ಲದೆ ನಮ್ಮ ಮನೆಮಾತಿನಲ್ಲಿ ಹೆಂಗಸರಿಗೆ 'ಅದು' ಎನ್ನುತ್ತೇವೆ, ಅಕ್ಕ ಬಂತು, ಅದು ಊಟ ಮಾಡ್ತು ಎಂದು. ತೊಟ್ಟಿಲಲ್ಲಿ ಕಲಿತ ಆ 'ಅದು' ನನ್ನ ತಲೆಯಲ್ಲಿ ಗಟ್ಟಿಯಾಗಿ ಉಳಿದಿತ್ತು. ಶಾಲೆಯಲ್ಲಿ ಕಲಿತ 'ಅವಳು' ಪುಸ್ತಕದ ಮೇಲೆ ಮಸಿಯಾಗಿ ಮಾತ್ರ ಉಳಿಯಿತು. 'ನಾನು' ಎನ್ನುವುದಂತೂ ಇನ್ನೂ ಕಷ್ಟ. ಬೇರೆಯವರ ಅಕ್ಷರದಲ್ಲಿ 'ನಾನು' ಎಂದು ಬರೆದಿದ್ದರೆ ಆ ನಾನು ಯಾರು ಎಂದು ಬೆರಳಿಟ್ಟು ಲೆಕ್ಕ ಹಾಕಬೇಕಿತ್ತು.

ಈ ವಿಷಯ ಹೆಂಡತಿಗೊಬ್ಬಳಿಗೆ ಹೇಳಿದೆ. ಛಾಪಖಾನೆಯಲ್ಲಿ ಬಾಯಿ ಬಿಡಲಿಲ್ಲ. ಓದಲು ಬಾರದ ಪ್ರೂಫ್ ರೀಡರ್ ಯಾರಿಗೆ ಬೇಕು? ಎರಡು ತಿಂಗಳ ಮೇಲೆ ಹೆದರುತ್ತಲೇ ಕೆಲಸಕ್ಕೆ ಹೋದೆ. ಹೋಗಿ ನೋಡಿದರೆ ನನ್ನ ಕಣ್ಣು ಮೊದಲಿಗಿಂತ ಹರಿತವಾಗಿತ್ತು. ಒಂದು ಕೊಂಬು, ಒಂದು ಇಳಿ ತಪ್ಪಿಸಿಕೊಂಡು ಹೋಗುತ್ತಿರಲಿಲ್ಲ. ಅರ್ಥ ಅಡ್ಡ ಬಂದರೆ ತಾನೇ? ಛಾಪಖಾನೆಯ ಮಾಲಕರು ನಾಲ್ಕು ಜನರೆದುರು ಹೊಗಳಿದರು. ನಾನು ತಲೆ ತಗ್ಗಿಸಿದೆ, ಅದನ್ನು ವಿನಯ ಎಂದುಕೊಂಡರು.

ಗೆಳೆಯ ನನಗಿಂತ ಮೊದಲೇ ಕೆಲಸಕ್ಕೆ ಬಂದಿದ್ದ. ಬಲಗೈ ಸರಿಯಾಗಿ ಕೂಡಿಕೊಂಡಿರಲಿಲ್ಲ, ಮೊಳೆ ಹೆಕ್ಕುವುದು ನಿಧಾನವಾಗಿತ್ತು. ಮೊದಲಿನ ಹಾಗೇ ನನಗೆ ಓದಿ ಹೇಳುತ್ತಿದ್ದ. ತಿಂಗಳಿಗೊಮ್ಮೆ ರಜೆ ಹಾಕಿ ಕೋರ್ಟಿಗೆ ಹೋಗುತ್ತಿದ್ದ. ಗಾಡಿ ಅವನದಲ್ಲವೇ, ಮಾಲಕ ಎಂದು ಕರೆಯುತ್ತಾರೆ ಎಂದುಕೊಂಡೆ. ಕೇಸು ಯಾರ ಮೇಲೆ ಎಂದು ನಾನು ಕೇಳಲಿಲ್ಲ. ನನ್ನ ಮೇಲೆಯೇ ಇರುತ್ತದೆ, ಇವತ್ತಲ್ಲ ನಾಳೆ ಪೊಲೀಸರು ಬರುತ್ತಾರೆ ಎಂದು ದಿನವೂ ಹೆದರುತ್ತಿದ್ದೆ. ಬಾರದೆ ಇದ್ದಾಗ, ಯಾಕೆ ಬರಲಿಲ್ಲ ಎಂದು ಕೇಳುವ ಮನಸ್ಸಾಗಲಿಲ್ಲ. ಹೇಡಿತನಕ್ಕೆ ಮೆದುಳಿನ ಪೆಟ್ಟು ಬೇಕಾಗಿಲ್ಲ.

ಒಂದು ಸಲ ಮಾತ್ರ, ಊಟದ ಡಬ್ಬಿ ತೆರೆಯುತ್ತಾ ಅವನು ಕೇಳಿದ್ದ. "ಮಾರಾಯ, ಪೊಲೀಸರಿಗೆ ನೀ ಏನ್ ಬರಕೊಟ್ಟಿ ಗೊತ್ತೈತೇನು?"

"ಆದದ್ದೇ ಬರೆದುಕೊಟ್ಟಿದ್ದೇನೆ" ಎಂದೆ. ನಾನು ಹಾಗೆಂದೇ ತಿಳಿದಿದ್ದೆ.

ಅವನು ಉಪ್ಪಿನಕಾಯಿ ನನ್ನ ಕಡೆ ಸರಿಸಿ, "ಉಣ್ಣು" ಎಂದ.

ಮರುವರ್ಷ ಮಳೆಗಾಲದ ಹೊತ್ತಿಗೆ ಸಾಕ್ಷಿ ಹೇಳಲು ಬರಬೇಕೆಂದು ನನಗೆ ಸಮನ್ಸು ಬಂತು. ಸರ್ಕಾರಿ ವಕೀಲರ ಗುಮಾಸ್ತ ಫಿರ್ಯಾದಿಯ ಝೆರಾಕ್ಸ್ ಪ್ರತಿ ಕೊಟ್ಟು, ಓದಿಕೊಂಡು ಬನ್ನಿ ಎಂದ. ಸಂಜೆ ಚಾ ಕುಡಿಯುವ ಹೊತ್ತಿನಲ್ಲಿ ಹೆಂಡತಿ ನನಗೆ ವಾಚನಾಲಯದ ಕಾದಂಬರಿಗಳನ್ನು ಓದಿ ಹೇಳುವ ರೂಢಿ ಆಗಿತ್ತು. 'ಅವನು' ಎಂದು ಬರೆದ ಕಡೆಯೆಲ್ಲ ಅವಳು ಆ ಪಾತ್ರದ ಹೆಸರನ್ನೇ ಹೇಳಿ ಓದುತ್ತಿದ್ದಳು, ಒಂದು ಕಡೆಯೂ ತಡವರಿಸದೆ. ಅವಳ ಬಾಯಿಂದ ಕೇಳಿದರೆ ನನಗೆ ಕಥೆ ಕಥೆಯಾಗಿಯೇ ಸಿಗುತ್ತಿತ್ತು. ಹಾಗಾಗಿ ಫಿರ್ಯಾದಿಯನ್ನೂ ಅವಳಿಗೇ ಕೊಟ್ಟೆ. "ಇದು ಕೋರ್ಟಿಂದು. ಹೆಸರು ಸೇರ್ಸಡ, ಇದ್ದಾಂಗೇ ಓದು" ಎಂದೆ.

ಅವಳು ಮೊದಲು ಮನಸ್ಸಿನಲ್ಲೇ ಓದಿಕೊಂಡಳು. ಬಹಳ ಹೊತ್ತು ತೆಗೆದುಕೊಂಡಳು. ಆಮೇಲೆ ಗಟ್ಟಿಯಾಗಿ ಓದಲು ಶುರು ಮಾಡಿದಳು. ನಾನು ಪಕ್ಕದಲ್ಲೇ ಕೂತಿದ್ದೆ. ಹಾಳೆ ಇಬ್ಬರ ನಡುವೆ ಇತ್ತು. ಯಾರಾದರೂ ಗಟ್ಟಿಯಾಗಿ ಓದಿದರೆ ನನ್ನ ಕಣ್ಣು ಹಾಳೆಯ ಮೇಲೆಯೇ ಹೋಗುತ್ತದೆ, ಕೈ ಪೆನ್ನು ಹುಡುಕುತ್ತದೆ. ವರ್ಷಗಳ ಅಭ್ಯಾಸ.

ಅವಳು ಓದಿ ಮುಗಿಸಿದಳು. ಇದ್ದವರು ಇಬ್ಬರೇ, ನಡೆದದ್ದು ನನಗೆ ಗೊತ್ತಿದ್ದದ್ದೇ, ಬಾಯಿಂದ ಕೇಳಿದಾಗ ತೊಡಕಾಗಲಿಲ್ಲ. ಕೇಳಿದ್ದು ನಡೆದದ್ದರ ಹಾಗೇ ಇತ್ತು. ನಾನು ವಾಹನ ಚಲಾಯಿಸುತ್ತಿದ್ದು, ಅವನು ನನ್ನ ಹಿಂದೆ ಕುಳಿತಿದ್ದು. ತಪ್ಪು ನನ್ನದು ಎಂದೂ ಇತ್ತು. ಹೌದು, ಇದನ್ನೇ ಹೇಳಿದ್ದೆ ಎಂದು ಸಮಾಧಾನದಿಂದ ಹಾಳೆ ಮಡಚಲು ಹೋದೆ. ನಾಲ್ಕು ಕಡೆ ಗುರುತು ಬಿದ್ದಿತ್ತು.

ನನ್ನ ಕೈ ಹಾಕಿದ ಗುರುತು. ಕಿವಿ ಒಂದು ಕೇಳಿ ಕಣ್ಣು ಇನ್ನೊಂದು ನೋಡಿದ ಜಾಗಗಳು. ನಾಲ್ಕೂ ಸಣ್ಣ ಪದಗಳ ಮೇಲೆ. ಅವಳು 'ನಾನು' ಎಂದ ಕಡೆ ಕಾಗದದಲ್ಲಿ 'ಅವನು' ಇತ್ತು, 'ಅವನು' ಎಂದ ಕಡೆ 'ನಾನು' ಇತ್ತು. ಬೆರಳಿಟ್ಟುಕೊಂಡು ಮೇಲಿನಿಂದ ಮತ್ತೆ ಶುರು ಮಾಡಿದೆ. ಬರೆದುಕೊಟ್ಟವನು ಯಾರು, ನಾನು. ಹೆಸರು ಯಾರದು, ಅವನದು. ಒಂದೊಂದು ಪದಕ್ಕೂ ಒಬ್ಬೊಬ್ಬನನ್ನು ಕೈಹಿಡಿದು ತಂದು ನಿಲ್ಲಿಸಿ, ನಾಲ್ಕು ಸಾಲು ದಾಟುವುದರಲ್ಲಿ ಚಾ ಆರಿತು. ಆಗ ಗೊತ್ತಾಯಿತು ನಾನು ಎಂಥದಕ್ಕೆ ಸಹಿ ಹಾಕಿದ್ದೇನೆ ಎಂದು. ತಿಂಗಳಿಗೊಮ್ಮೆ ಅವನು ಕೋರ್ಟಿಗೆ ಹೋಗುತ್ತಿದ್ದದ್ದು ಮಾಲಕನಾಗಿ ಅಲ್ಲ, ಆರೋಪಿಯಾಗಿ.

"ನೀನು ಇದ್ದಾಂಗೆ ಓದಿದ್ದಿಲ್ಲೆ" ಎಂದೆ.

ಅವಳು ಅಲ್ಲವೆನ್ನಲಿಲ್ಲ. "ತಿಳೀದೆ ಹೇಳಿದ್ರೆ ಸುಳ್ಳಾಗ್ತಿಲ್ಲೆ. ನಿಂಗ ಹೀಂಗೇ ಬರ್ದಿದ್ದು ಹೇಳಿ ತಿಳ್ಕಂಡು, ಹೌದು ಹೇಳಿ ಬಂದ್ರೆ ಸಾಕಾಗಿತ್ತು. ಪಾಪ ಇದ್ರೆ ಎನ್ನ ತಲೆ ಮೇಲೆ ಇರ್ಲಿ."

"ಅಂವ ಜೈಲಿಗೆ ಹೋಗ್ತ."

"ಅಂವ ಒಬ್ಬವ. ಹೆಂಡ್ತಿ ಮಕ್ಕ ಇಲ್ಲೆ. ಲೈಸೆನ್ಸಿಲ್ದೆ ಓಡ್ಸಿ ಒಬ್ಬರ ಜೀವ ತೆಗ್ದಿದ್ದು ಹೇಳಾದ್ರೆ ನಿಂಗಳ ಬಿಡ್ತ್ವಾ? ತಲೆ ಸರಿಯಿಲ್ಲೆ ಹೇಳಿ ಕೆಲಸನೂ ಹೋಗ್ತು. ಈ ಕೂಸಿನ ಕರ್ಕಂಡು ಆನು ಎಲ್ಲಿಗೆ ಹೋಗಲಿ?" ಅವಳ ದನಿ ಏರಲಿಲ್ಲ. "ಎಂತೂ ಹೇಳಡಿ. ಕೇಳಿದ್ದಕ್ಕೆ ಹೌದು ಹೇಳಿ ಬನ್ನಿ."

ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಈಗಲೂ ಇಲ್ಲ. ಹಾಳೆಯಲ್ಲಿ ನಿಜವೇ ಇದೆ ಎಂದು ನಂಬಿಸಿ, ನನ್ನನ್ನು ಸುಳ್ಳುಗಾರನಾಗಿಸದೆ ಉಳಿಸುವ ಒಂದೇ ದಾರಿ ಅವಳಿಗೆ ಕಂಡಿತ್ತು, ಅದನ್ನು ನನ್ನ ಕೈಯೇ ಮುಚ್ಚಿತು. ಅರ್ಥ ಮಾಡಿಕೊಳ್ಳಲಾಗದ ತಲೆ ಇಟ್ಟುಕೊಂಡು ಹೋಗಿದ್ದರೆ ನಾನು ನಿರಪರಾಧಿ. ಈಗ ಅರ್ಥವಾಗಿತ್ತು.

ವಿಚಾರಣೆಗೆ ಎಂಟು ದಿನವಿತ್ತು. ಎಂಟೂ ದಿನ ಗೆಳೆಯ ನನಗೆ ಓದುತ್ತಾ ಇದ್ದ, ನಾನು ಗುರುತು ಹಾಕುತ್ತಾ ಇದ್ದೆ. ಹೇಳಿಬಿಡಬೇಕೆಂದು ಎರಡು ಸಲ ಬಾಯಿ ತೆರೆದೆ. ಒಂದು ಸಲ ಮಾಲಕರು ಬಂದರು. ಇನ್ನೊಂದು ಸಲ ಯಾರೂ ಬರಲಿಲ್ಲ, ನಾನೇ ಸುಮ್ಮನಾದೆ.

ಕೋರ್ಟಿನಲ್ಲಿ ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ನಿಂತಿದ್ದ. ಸತ್ತವರ ಮಗ ಹಿಂದಿನ ಬೆಂಚಿನಲ್ಲಿ ಕೂತಿದ್ದಾನೆ ಎಂದು ಯಾರೋ ಹೇಳಿದರು, ನಾನು ತಿರುಗಿ ನೋಡಲಿಲ್ಲ. ಗಾಡಿ ಓಡಿಸುತ್ತಿದ್ದದ್ದು ಫಿರ್ಯಾದಿದಾರರೇ ಎಂದು ಗೆಳೆಯನ ವಕೀಲ ಮೊದಲೇ ಹೇಳಿದ್ದನಂತೆ. ಆರೋಪಿಗಳು ಹಾಗೆಯೇ ಹೇಳುವುದು ಎಂದು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಸರ್ಕಾರಿ ವಕೀಲರು ಹಾಳೆ ತೋರಿಸಿದರು.

"ಇದು ನೀವು ಕೊಟ್ಟ ಫಿರ್ಯಾದಿಯೇ?"

"ಹೌದು."

"ಈ ಎರಡು ತಿದ್ದುಪಡಿ ನಿಮ್ಮ ಕೈಯದೇ?"

"ಹೌದು."

"ಅಂದರೆ ಪೂರ್ತಿ ಓದಿ, ತಿಳಿದುಕೊಂಡೇ ಸಹಿ ಮಾಡಿದ್ದೀರಿ."

ಮೂರನೆಯ ಹೌದು ಹೇಳುವಾಗ ನಾನು ಅವನ ಕಡೆ ನೋಡಿದೆ. ಅವನು ಮೊದಲಿನಿಂದಲೂ ನನ್ನನ್ನೇ ನೋಡುತ್ತಿದ್ದ. ಸಿಟ್ಟಿನಿಂದಲ್ಲ. ಏನನ್ನೋ ಕಾಯುವವನ ಹಾಗೆ. ನಾನು ಹೌದು ಎಂದೆ. ಅವನು ಕಣ್ಣು ತೆಗೆದ.

ಅವನಿಗೆ ಆರು ತಿಂಗಳು ಜೈಲಾಯಿತು. ಅವನು ಹೊರಗೆ ಬರುವಷ್ಟರಲ್ಲಿ ಛಾಪಖಾನೆಗೆ ಕಂಪ್ಯೂಟರ್ ಬಂದಿತ್ತು. ಮೊಳೆಗಳನ್ನು ಚೀಲಕ್ಕೆ ತುಂಬಿ ಹಿತ್ತಿಲ ಕೋಣೆಗೆ ಎಸೆದಿದ್ದರು. ಜೋಡಿಸುವವರು ಬೇಕಾಗಿರಲಿಲ್ಲ. ಅವನು ಶಿರಸಿಗೆ ಬರಲೇ ಇಲ್ಲ, ಯಲ್ಲಾಪುರದಲ್ಲಿ ಯಾವುದೋ ಹಿಟ್ಟಿನ ಗಿರಣಿಯಲ್ಲಿದ್ದಾನೆ ಎಂದು ಕೇಳಿದೆ. ಕಂಪ್ಯೂಟರಿನ ಮುಂದೆ ಕೂತ ಹುಡುಗಿಯರ ಕನ್ನಡ ತಿದ್ದಲು ನಾನು ಮಾತ್ರ ಉಳಿದೆ.

ನನ್ನ ತಲೆ ನಿಧಾನವಾಗಿ ದುರಸ್ತಿಯಾಯಿತು. ಮಾತು ಕಲಿಸುವ ಆ ಹೆಂಗಸು ಕೊಟ್ಟ ಚೀಟಿಗಳನ್ನು ವರ್ಷಗಟ್ಟಲೆ ಓದಿದೆ. ಎರಡು ಸಾವಿರದ ಮೂರರಲ್ಲಿರಬೇಕು, ಹೋಟೆಲಿನಲ್ಲಿ ಕೂತು ಪತ್ರಿಕೆ ಓದುವಾಗ ಒಂದು 'ಅವನು' ಬಂತು, ಹಿಂದೆ ಹೋಗದೆಯೇ ಅಲ್ಲಿ ಒಬ್ಬ ಮನುಷ್ಯ ನಿಂತಿದ್ದ. ಮುಂದಿನ ಸಾಲು ಓದಿದೆ, ಅಲ್ಲೂ ನಿಂತಿದ್ದ. ಸಂತೋಷದಿಂದ ಕುಣಿಯಬೇಕಿತ್ತು. ಬದಲಿಗೆ ಪತ್ರಿಕೆ ಮಡಚಿಟ್ಟೆ. ಇಷ್ಟು ಸಲೀಸಾಗಿ ಆಗುವ ಕೆಲಸ ಅವತ್ತು ಆಸ್ಪತ್ರೆಯಲ್ಲಿ ಆಗಿದ್ದರೆ ಎಂದುಕೊಂಡೆ. ಆಮೇಲೆ, ಕೋರ್ಟಿನಲ್ಲಿ ಆಗಿತ್ತಲ್ಲ ಎಂಬುದು ನೆನಪಾಯಿತು.

ಎರಡು ವರ್ಷ ಮತ್ತೆ ಹಾಗೇ ಕಳೆದೆ. ಒಂದು ಭಾನುವಾರ ಹೆಂಡತಿಗೆ ಹೇಳದೆ ಯಲ್ಲಾಪುರದ ಬಸ್ಸು ಹತ್ತಿದೆ. ಗಿರಣಿ ಹುಡುಕುವುದು ಕಷ್ಟವಾಗಲಿಲ್ಲ. ಅವನ ತಲೆಗೂದಲು, ಹುಬ್ಬು, ಎಲ್ಲ ಹಿಟ್ಟು ಮೆತ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಗಿರಣಿ ನಿಲ್ಲಿಸಿ, ಖಾಲಿ ಡಬ್ಬವೊಂದನ್ನು ಕೂರಲು ಮಗುಚಿಟ್ಟ. ಆ ಮರ್ಯಾದೆಯೇ ನನ್ನನ್ನು ಕೊಂದಿತು.

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದನ್ನು ಒಪ್ಪಿಸಿದೆ. ತಲೆಗೆ ಬಿದ್ದ ಪೆಟ್ಟು, ಹೆಸರು ಓದಲು ಬರುತ್ತಿದ್ದದ್ದು, 'ಅವನು' ಎಂದರೆ ಯಾರೂ ಬಾರದೆ ಇದ್ದದ್ದು, ತಪ್ಪು ತಿದ್ದಿದರೂ ತಿಳಿಯದೆ ಸಹಿ ಹಾಕಿದ್ದು. ಆ ಹೆಂಗಸು ಹೇಳಿದ್ದನ್ನೆಲ್ಲ ಹೇಳಿದೆ.

"ನಿನಗ ಓದಾಕ ಆಗೂದಿಲ್ಲಂತ ನನಗ ಆವಾಗ್ಲೇ ಗೊತ್ತಿತ್ತು" ಎಂದ ಕೊನೆಗೆ. "ಆ ಮಾಸ್ತರರ ಪುಸ್ತಕದಾಗ ಎರಡು ಪ್ಯಾರಾ ಅದಲುಬದಲಾಗಿ, ಅವರ ಅಣ್ಣ ಸತ್ತದ್ದು ಮಾಸ್ತರೇ ಸತ್ತಂಗ ಆಗಿತ್ತು. ಇಡೀ ಪುಟದಾಗ ಸಾವಿರ ಕಣ್ಣಿಟ್ಟು ಕಾಮಾ ತಿದ್ದಿದ್ದಿ, ಅದನ್ನ ಬಿಟ್ಟಿದ್ದಿ. ನಾನೇ ಸರಿ ಮಾಡಿ ಅಚ್ಚಿಗೆ ಹಾಕಿದೆ. ಅಲ್ಲಿಂದ ನಿನ್ನ ಎಲ್ಲ ಹಾಳಿ ನಾನು ಇನ್ನೊಮ್ಮೆ ಓದ್ತಿದ್ದೆ."

ಮಾಲಕರು ನಾಲ್ಕು ಜನರೆದುರು ಹೊಗಳಿದ್ದು ಯಾರ ಕೆಲಸವನ್ನು ಎಂದು ಆಗ ಗೊತ್ತಾಯಿತು.

"ಕೋರ್ಟಿನಾಗ ನನ್ನ ವಕೀಲಗ ಇದನ್ನ ಹೇಳ್ಲಿಲ್ಲ" ಎಂದ. "ಹೇಳಿದ್ರ ನಿನ್ನ ನೌಕರಿ ಹೋಗ್ತಿತ್ತು. ತಿಳೀದೆ ಸಹಿ ಹಾಕ್ಯಾನ, ತಿಳಿದ ದಿನ ಅವನೇ ಹೇಳ್ತಾನ ಅಂತ ಕಾದೆ. ಸಹಿಗೆ ನನಗ ಬ್ಯಾಸರಿಲ್ಲ ಮಾರಾಯ. ಒಂದು ಕೇಳ್ತೀನಿ. ಕಟಕಟಿಯಾಗ ನಿಂತು ಹೌದು ಅಂದ್ಯಲ್ಲ, ಅವತ್ತು ನಿನಗ ತಿಳಿದಿತ್ತೇನು?"

ಇಲ್ಲ ಎನ್ನಬಹುದಿತ್ತು. ಆಗಷ್ಟೇ ಅರ್ಧ ಗಂಟೆ ಅದಕ್ಕೆ ಬೇಕಾದ ಕಾರಣಗಳನ್ನು ನಾನೇ ಕೊಟ್ಟಿದ್ದೆ. ಇಲ್ಲವೆಂದಿದ್ದರೆ ಅವನು ನಂಬುತ್ತಿದ್ದ, ನಂಬಲು ತಯಾರಾಗಿ ಕೂತಿದ್ದ.

"ತಿಳಿದಿತ್ತು" ಎಂದೆ.

ಅವನು ತಲೆಯಾಡಿಸಿದ. ಹೆಂಗಸೊಬ್ಬಳು ಜೋಳದ ಚೀಲ ಇಟ್ಟುಕೊಂಡು ಬಾಗಿಲಲ್ಲಿ ಕಾಯುತ್ತಿದ್ದಳು. ಅವನು ಎದ್ದು, ಸರಿಯಾಗಿ ಮಡಚಲು ಬಾರದ ಆ ಬಲಗೈಯಿಂದಲೇ ಚೀಲ ಎತ್ತಿ ಗಿರಣಿಯ ಬಾಯಿಗೆ ಸುರಿದ.

"ಖರೇ ಹೇಳಿದಿ, ಚಲೋ ಆತು" ಎಂದ, ನನ್ನ ಕಡೆ ತಿರುಗದೆ. "ಇನ್ನ ಬರಬ್ಯಾಡ."

ಗಿರಣಿ ಶುರುವಾಯಿತು. ಆ ಸದ್ದಿನಲ್ಲಿ ನಾನು ಏನೋ ಹೇಳಿದೆ, ಅವನಿಗೆ ಕೇಳಿಸಲಿಲ್ಲ. ಮೂರೂವರೆಯ ಬಸ್ಸಿಗೆ ಶಿರಸಿಗೆ ಬಂದೆ. ಮತ್ತೆ ಹೋಗಲಿಲ್ಲ.